ಎಲ್ಲೋರದಲ್ಲಿ ಒಂದು ದಿನ: ಮಾರ್ಗದರ್ಶಿಯೊಡನೆ ಕೈಲಾಸ ದೇವಾಲಯ

ದೇವಾಲಯಗಳನ್ನು ಸಾಮಾನ್ಯವಾಗಿ ತಳಪಾಯದಿಂದ ಶಿಖರದವರೆಗೆ ಕಟ್ಟಲಾಗುತ್ತದೆ. ಎಲ್ಲೋರದ ಕೈಲಾಸ ದೇವಾಲಯವಾದರೋ ಶಿಖರದಿಂದ ತಳದವರೆಗೆ ಕಡೆದು ನಿಲ್ಲಿಸಿದ್ದು. ಕಲ್ಲಿನ ಮೇಲೆ ಕಲ್ಲಿಟ್ಟು ಅದನ್ನು ಕಟ್ಟಿಲ್ಲ. ಒಂದೇ ಬೆಟ್ಟದಿಂದ ಬೇಡವಾದ ಶಿಲೆಯನ್ನು ತೆಗೆದುಹಾಕಿ, ಬೇಕಾದುದನ್ನು ಉಳಿಸಿಕೊಳ್ಳಲಾಗಿದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಿಗೆ ಎಲ್ಲೋರದ ಒಂದು ದಿನದ ಪ್ರವಾಸವು ಕೇವಲ ವಿಹಾರವಾಗಿ ಮುಗಿಯುವುದಿಲ್ಲ. ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು, ಮಾರ್ಗದರ್ಶಿಯನ್ನು ಏನು ಕೇಳಬೇಕು, ನೋಡಿದ್ದನ್ನು ಹೇಗೆ ಕಾಪಾಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರ ಆ ಸಂಗತಿಯಲ್ಲೇ ಅಡಗಿದೆ.

ಸ್ಥಳ ಮತ್ತು ದಾರಿ

ಎಲ್ಲೋರದ ಗುಹೆಗಳು ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ವೇರೂಳ ಗ್ರಾಮದ ಬಳಿ ಇವೆ. ಔರಂಗಾಬಾದ್ ಎಂದು ಪ್ರಸಿದ್ಧವಾಗಿದ್ದ ಈ ನಗರಕ್ಕೆ 2023ರಲ್ಲಿ ಹೊಸ ಹೆಸರು ಬಂದಿತು. ನಗರವು ಸಿಕಂದರಾಬಾದ್–ಮನ್ಮಾಡ್ ರೈಲು ಮಾರ್ಗದಲ್ಲಿರುವುದರಿಂದ ಹೈದರಾಬಾದಿನ ಪ್ರವಾಸಿಗರಿಗೆ ರೈಲಿನ ಅನುಕೂಲವಿದೆ. ಪುಣೆಯಿಂದ ರಸ್ತೆಯಲ್ಲಿ ಸುಮಾರು 240 ಕಿಲೋಮೀಟರ್, ಮುಂಬಯಿಯಿಂದ ಸುಮಾರು 350 ಕಿಲೋಮೀಟರ್ ಆಗುತ್ತದೆ. ಯಾವ ಊರಿನಿಂದ ಬಂದವರೂ ಹಿಂದಿನ ರಾತ್ರಿ ನಗರದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಹೊರಡುವುದು ಒಳಿತು.

ಗುಹೆಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರುತ್ತವೆ. ಮಂಗಳವಾರ ರಜೆ. ಅಜಂತೆಗೆ ಸೋಮವಾರ ರಜೆ ಇರುವುದರಿಂದ, ಎರಡನ್ನೂ ನೋಡಬಯಸುವವರು ವಾರದ ದಿನಗಳನ್ನು ಮೊದಲೇ ಎಣಿಸಿಕೊಳ್ಳಬೇಕು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರವಾಸಕ್ಕೆ ಹಿತಕರ. ಮಳೆಗಾಲದಲ್ಲಿ ಬೆಟ್ಟ ಹಸಿರಾಗಿ, ಝರಿಗಳು ಧುಮುಕುವ ನೋಟ ಸೊಗಸಾದರೂ ಮೆಟ್ಟಿಲುಗಳು ಜಾರುತ್ತವೆ. ವೃದ್ಧರನ್ನು ಕರೆದೊಯ್ಯುವವರು ಇದನ್ನು ಗಮನಿಸಬೇಕು.

ಮೂರು ಧರ್ಮ, ಒಂದೇ ಬೆಟ್ಟ

ಸುಮಾರು ಎರಡು ಕಿಲೋಮೀಟರ್ ಉದ್ದದ ಬೆಟ್ಟದ ಅಂಚಿನಲ್ಲಿ ಸಂಖ್ಯೆ ಕೊಟ್ಟಿರುವ 34 ಗುಹೆಗಳಿವೆ. 1ರಿಂದ 12ರವರೆಗಿನವು ಬೌದ್ಧ, 13ರಿಂದ 29ರವರೆಗಿನವು ಹಿಂದೂ, 30ರಿಂದ 34ರವರೆಗಿನವು ಜೈನ ಗುಹೆಗಳು. ಈ ಸಂಖ್ಯೆಗಳು ದಕ್ಷಿಣದಿಂದ ಉತ್ತರಕ್ಕೆ ನಡೆಯುವ ಕ್ರಮವನ್ನು ಸೂಚಿಸುತ್ತವೆಯೇ ಹೊರತು ಕಾಲಕ್ರಮವನ್ನಲ್ಲ. ಆರನೆಯ ಶತಮಾನದ ಕೆಲವು ಹಿಂದೂ ಗುಹೆಗಳು ಬೌದ್ಧ ಗುಹೆಗಳಿಗಿಂತ ಹಳೆಯವೆಂದು ವಿದ್ವಾಂಸರು ತಿಳಿಯುತ್ತಾರೆ. ಒಂದು ಮತದ ಅವಸಾನದ ಮೇಲೆ ಇನ್ನೊಂದು ಎದ್ದಿತೆಂಬ ಸರಳ ಕಥೆ ಇಲ್ಲಿ ನಿಲ್ಲುವುದಿಲ್ಲ. ಒಂದೇ ಬೆಟ್ಟದಲ್ಲಿ ಮೂರು ಧರ್ಮಗಳ ಆಶ್ರಯದಲ್ಲಿ ಉಳಿಗಳು ಶತಮಾನಗಳ ಕಾಲ ನುಡಿದಿವೆ. ಕೆಲವು ಕಾಲ ಅಕ್ಕಪಕ್ಕದಲ್ಲಿಯೇ ನುಡಿದಿವೆ. 1983ರಲ್ಲಿ ಎಲ್ಲೋರವು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ದಿನದ ಕ್ರಮ

ಬಸ್ಸಿನಲ್ಲಿ ಕರೆದೊಯ್ಯುವ ಏಕದಿನ ಪ್ರವಾಸಗಳಲ್ಲಿ ಸಾಮಾನ್ಯವಾಗಿ ದೌಲತಾಬಾದ್ ಕೋಟೆ, ಎಲ್ಲೋರ, ಘೃಷ್ಣೇಶ್ವರ ದೇವಾಲಯ, ಬೀಬಿ ಕಾ ಮಕ್ಬರಾ, ಪನಚಕ್ಕಿ ಇವೆಲ್ಲವನ್ನೂ ಪೋಣಿಸಿರುತ್ತಾರೆ. ಪಟ್ಟಿ ಉದ್ದವಾದಷ್ಟೂ ಎಲ್ಲೋರಕ್ಕೆ ಸಿಗುವ ಹೊತ್ತು ಕಡಿಮೆಯಾಗುತ್ತದೆ. ಆದುದರಿಂದ ಚೀಟಿ ಕೊಳ್ಳುವ ಮೊದಲು ಎಲ್ಲೋರದಲ್ಲಿ ಎಷ್ಟು ಗಂಟೆ ನಿಲ್ಲುತ್ತೀರಿ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ನಾಲ್ಕೈದು ಜನರ ಕುಟುಂಬವಾದರೆ ಬಾಡಿಗೆ ವಾಹನ ಮಾಡಿಕೊಂಡು, ಸ್ಥಳದಲ್ಲಿ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡರೆ ಇಡೀ ದಿನ ಕೈಯಲ್ಲಿರುತ್ತದೆ.

ಹಾಗೆ ಹೊರಟವರು ಬೆಳಗಿನ ತಂಪಿನಲ್ಲಿ ದೂರದ ಜೈನ ಗುಹೆಗಳಿಂದ ಆರಂಭಿಸಬಹುದು. 32ನೆಯ ಗುಹೆಯಾದ ಇಂದ್ರಸಭೆಯ ಕುಸುರಿ ಕೆಲಸವನ್ನೂ, ಛತ್ತಿನಲ್ಲಿ ಉಳಿದಿರುವ ಬಣ್ಣದ ಚಿತ್ರಗಳ ಅವಶೇಷಗಳನ್ನೂ ಸಾವಧಾನವಾಗಿ ನೋಡಬೇಕು. ಅನಂತರ ಬೌದ್ಧ ಗುಹೆಗಳಲ್ಲಿ 10 ಮತ್ತು 12ನ್ನು ತಪ್ಪಿಸಬಾರದು. 10ನೆಯದು ವಿಶ್ವಕರ್ಮ ಗುಹೆ. ಅದರ ಕಮಾನು ಛಾವಣಿಯಲ್ಲಿ ಮರದ ತೊಲೆಗಳಂತೆ ಕಾಣುವ ಪಟ್ಟಿಗಳೆಲ್ಲ ಕಲ್ಲಿನವು. ಮರಗೆಲಸದ ರೂಪವನ್ನು ಶಿಲ್ಪಿಗಳು ಶಿಲೆಯಲ್ಲಿ ಉಳಿಸಿಕೊಂಡಿದ್ದಾರೆ. 12ನೆಯದು ಮೂರು ಅಂತಸ್ತಿನ ವಿಹಾರ.

ಗುಹೆಗಳು ಪಶ್ಚಿಮಾಭಿಮುಖವಾಗಿರುವುದರಿಂದ ಅಪರಾಹ್ನದ ಬಿಸಿಲು ಒಳಗೆ ಬೀಳುತ್ತದೆ. 15 ಮತ್ತು 16ನೆಯ ಗುಹೆಗಳನ್ನು ಆ ಹೊತ್ತಿಗೆ ಇಟ್ಟುಕೊಂಡರೆ ಶಿಲ್ಪಗಳು ಸ್ಪಷ್ಟವಾಗಿ ಕಾಣುತ್ತವೆ. 15ನೆಯ ದಶಾವತಾರ ಗುಹೆಯ ಅಂಗಳದ ಮಂಟಪದಲ್ಲಿ ರಾಷ್ಟ್ರಕೂಟ ದೊರೆ ದಂತಿದುರ್ಗನ ಶಾಸನವಿದೆ. 16ನೆಯದೇ ಕೈಲಾಸ. ಅದಕ್ಕೆ ಎರಡು ಗಂಟೆಯಾದರೂ ಮೀಸಲಿರಲಿ.

ಕೈಲಾಸವನ್ನು ಮೇಲಿನಿಂದ ನೋಡಬೇಕು

ಹೆಚ್ಚಿನ ಪ್ರವಾಸಿಗರು ನೇರವಾಗಿ ಬಾಗಿಲನ್ನು ಹೊಕ್ಕು ಅಂಗಳಕ್ಕೆ ಇಳಿಯುತ್ತಾರೆ. ಬೆಟ್ಟದ ಮೇಲಿನ ಕಾಲುದಾರಿ ತೆರೆದಿದ್ದರೆ ಮೊದಲು ಅತ್ತ ಹೋಗಿ, ಬೇಲಿಯ ಈಚೆಗೆ ನಿಂತು ಕೆಳಗೆ ನೋಡುವುದು ಮೇಲು. ಕೆಲಸ ಆರಂಭವಾದದ್ದು ಅಲ್ಲಿಂದ. ಶಿಲ್ಪಿಗಳು ಬೆಟ್ಟದ ಇಳಿಜಾರಿನಲ್ಲಿ ಮೂರು ಕಡೆಗಳಿಂದ ಲಂಬವಾದ ಕಂದಕಗಳನ್ನು ತೋಡಿ, ನಡುವೆ ಒಂದು ಮಹಾಶಿಲೆಯನ್ನು ಪ್ರತ್ಯೇಕಿಸಿದರು. ಆ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತ ಬಂದರು. ನಿಲ್ಲುವ ನೆಲವೇ ಕೆಲಸದೊಂದಿಗೆ ಕೆಳಗಿಳಿಯುತ್ತಿದ್ದುದರಿಂದ ಎತ್ತರದ ಅಟ್ಟಣೆಗಳ ಅವಶ್ಯಕತೆ ಬೀಳಲಿಲ್ಲ. ಆದರೆ ತಪ್ಪನ್ನು ತಿದ್ದುವ ಅವಕಾಶವೂ ಇರಲಿಲ್ಲ. ಕಟ್ಟಡದಲ್ಲಿ ಕಲ್ಲು ಬಿರುಕು ಬಿಟ್ಟರೆ ಬೇರೊಂದನ್ನು ಕೂರಿಸಬಹುದು. ಇಲ್ಲಿ ಉಳಿಯ ಪೆಟ್ಟು ಹೆಚ್ಚಾದರೆ ಹೋದದ್ದು ಹೋದಂತೆಯೇ. ಶಿಖರವನ್ನು ಕಡೆಯುವಾಗಲೇ ಅದರ ಕೆಳಗಿನ ಮಂಟಪದ ಕಂಬಗಳು, ಸೇತುವೆ, ಆನೆಗಳ ಸಾಲು ಇವೆಲ್ಲ ಎಲ್ಲಿ ಬರಬೇಕೆಂಬುದು ಮನಸ್ಸಿನಲ್ಲಿ ನಿಶ್ಚಯವಾಗಿರಬೇಕಾಗಿತ್ತು.

ಅಂಗಳವು ಸುಮಾರು 276 ಅಡಿ ಉದ್ದ, 154 ಅಡಿ ಅಗಲವಿದೆ. ಹಿಂಬದಿಯ ಬಂಡೆ ನೂರು ಅಡಿಗಳಿಗೂ ಮೀರಿ ಎದ್ದಿದೆ. ಹೊರತೆಗೆದ ಶಿಲೆ ಸುಮಾರು ಎರಡು ಲಕ್ಷ ಟನ್ ಇರಬಹುದೆಂಬ ಅಂದಾಜಿದೆ.

ಅಂಗಳಕ್ಕೆ ಬಂದ ಮೇಲೆ ಎರಡು ಧ್ವಜಸ್ತಂಭಗಳನ್ನೂ, ದೇವಾಲಯವನ್ನು ಹೊತ್ತಂತೆ ನಿಂತ ಆನೆಗಳನ್ನೂ ನೋಡಿ, ಮಂಟಪದ ಉತ್ತರ ಮತ್ತು ದಕ್ಷಿಣ ಮಗ್ಗುಲಿನ ಮಹಾಭಾರತ, ರಾಮಾಯಣ ಫಲಕಗಳತ್ತ ಹೋಗಬಹುದು. ದಕ್ಷಿಣದಲ್ಲಿ ರಾವಣನು ಕೈಲಾಸವನ್ನು ಅಲುಗಿಸುವ ಪ್ರಸಿದ್ಧ ಶಿಲ್ಪವಿದೆ. ಕೆಳಗೆ ಕತ್ತಲಿನಲ್ಲಿ ರಾವಣನ ಹೆಣಗಾಟ, ಮೇಲೆ ಬೆದರಿ ಶಿವನನ್ನು ಆತುಕೊಂಡ ಪಾರ್ವತಿ, ಓಡುತ್ತಿರುವ ಸಖಿ, ಇವೆಲ್ಲದರ ನಡುವೆ ವಿಚಲಿತನಾಗದ ಶಿವ. ಗೋಡೆಗಳಲ್ಲಿ ಅಲ್ಲಲ್ಲಿ ಗಾರೆ ಮತ್ತು ಬಣ್ಣದ ಕುರುಹುಗಳಿವೆ. ಇಂದು ಕಪ್ಪು ಶಿಲೆಯಾಗಿ ತೋರುವ ದೇವಾಲಯ ಹಿಂದೆ ಗಾರೆ ಬಳಿದು, ಬಣ್ಣ ಹಚ್ಚಿಕೊಂಡು ನಿಂತಿದ್ದಿತು.

ಕಂಚಿ, ಪಟ್ಟದಕಲ್ಲು, ಎಲ್ಲೋರ

ಕೈಲಾಸವು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ನಿರ್ಮಾಣ. ಅವನು ಎಂಟನೆಯ ಶತಮಾನದ ಮೂರನೆಯ ಪಾದದಲ್ಲಿ ಆಳಿದನು. ಕೆಲಸವು ದಂತಿದುರ್ಗನ ಕಾಲದಲ್ಲಿಯೇ ತೊಡಗಿರಬಹುದೆಂದೂ, ಅಂಗಳದ ಸುತ್ತಲಿನ ಕೆಲವು ಭಾಗಗಳು ಅನಂತರದವೆಂದೂ ಹೇಳುವ ವಿದ್ವಾಂಸರಿದ್ದಾರೆ.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಂಡ ಕನ್ನಡಿಗರಿಗೆ ಎಲ್ಲೋರದಲ್ಲಿ ಪರಿಚಿತ ರೂಪವೊಂದು ಎದುರಾಗುತ್ತದೆ. ಪ್ರವೇಶದ್ವಾರ, ಬಿಡಿಯಾಗಿ ನಿಂತ ನಂದಿಮಂಟಪ, ಮೂರು ಕಡೆ ಮುಖಮಂಟಪಗಳುಳ್ಳ ಕಂಬಗಳ ಸಭಾಮಂಟಪ, ದ್ರಾವಿಡ ವಿಮಾನ, ಇವೆಲ್ಲದರ ಜೋಡಣೆಯಲ್ಲಿ ನಿಕಟ ಸಾಮ್ಯವಿದೆ. ವಿರೂಪಾಕ್ಷವು ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು; ಪತಿಯ ಕಂಚಿಯ ವಿಜಯದ ಸ್ಮರಣೆಗಾಗಿ. ಆದರೆ ಕಂಚಿಯನ್ನು ಗೆದ್ದ ವಿಕ್ರಮಾದಿತ್ಯನು ಅಲ್ಲಿಯ ಪಲ್ಲವರ ಕೈಲಾಸನಾಥ ದೇವಾಲಯಕ್ಕೆ ಅದರ ಸಂಪತ್ತನ್ನು ಹಿಂದಿರುಗಿಸಿದನೆಂದು ಆ ದೇವಾಲಯದಲ್ಲಿಯೇ ಇರುವ ಕನ್ನಡ ಶಾಸನ ತಿಳಿಸುತ್ತದೆ. ತಮಿಳುನಾಡಿನಲ್ಲಿ ಬೆಳೆದ ಶಿಲ್ಪಸಂಪ್ರದಾಯ ಮಲಪ್ರಭೆಯ ದಡದಲ್ಲಿ ಹೊಸ ರೂಪ ತಾಳಿ, ಅಲ್ಲಿಂದ ಗೋದಾವರಿಯ ಉತ್ತರಕ್ಕಿರುವ ಈ ಬೆಟ್ಟವನ್ನು ತಲುಪಿತು. ಅರಸರು ಕಾದಾಡಿದರು, ಶಿಲ್ಪಿಗಳು ಪರಸ್ಪರ ಕಲಿತರು.

ಆದುದರಿಂದ ಕೈಲಾಸವು ನಮ್ಮದು ಎಂದು ಕನ್ನಡಿಗರು ಅಭಿಮಾನಪಡುವುದು ಸಹಜವೇ. ಅದೇ ಮಾತನ್ನು ಮರಾಠಿಗರೂ ತಮಿಳರೂ ಹೇಳಿದರೆ ಅದೂ ಅಷ್ಟೇ ನಿಜ.

ಮಾರ್ಗದರ್ಶಿಯನ್ನು ಏನು ಕೇಳಬೇಕು

ಪರವಾನಗಿ ಪಡೆದ ಮಾರ್ಗದರ್ಶಿಗಳ ಬಳಿ ಗುರುತಿನ ಚೀಟಿ ಇರುತ್ತದೆ. ಅದನ್ನು ನೋಡಿ, ಶುಲ್ಕವನ್ನೂ ಅವಧಿಯನ್ನೂ ಮೊದಲೇ ಮಾತನಾಡಿಕೊಳ್ಳಬೇಕು. ವಿವರಣೆ ಸಾಮಾನ್ಯವಾಗಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಮನೆಯ ಹಿರಿಯರಿಗೆ ಕನ್ನಡವೊಂದೇ ತಿಳಿದಿದ್ದರೆ, ಪ್ರತಿ ಶಿಲ್ಪದ ಮುಂದೆ ಎರಡು ನಿಮಿಷ ಬಿಡುವು ಕೊಡುವಂತೆ ಕೇಳಿಕೊಂಡು, ಯಾರಾದರೊಬ್ಬರು ಅದನ್ನು ಕನ್ನಡದಲ್ಲಿ ಹೇಳುವ ಹೊಣೆ ಹೊರಬೇಕು. ಇಲ್ಲದಿದ್ದರೆ ಅವರ ಪಾಲಿಗೆ ಉಳಿಯುವುದು ನಡೆದ ಆಯಾಸ ಮಾತ್ರ.

ಒಳ್ಳೆಯ ಮಾರ್ಗದರ್ಶಿ ಇತಿಹಾಸವನ್ನೂ ಐತಿಹ್ಯವನ್ನೂ ಬೇರೆ ಬೇರೆಯಾಗಿ ಹೇಳಬಲ್ಲ. ಮರಾಠಿಯಲ್ಲಿ ಪ್ರಚಲಿತವಾದ ಐತಿಹ್ಯವೊಂದರಂತೆ, ರೋಗಿಯಾದ ದೊರೆಗಾಗಿ ರಾಣಿಯು ಹರಕೆ ಹೊತ್ತು, ದೇವಾಲಯದ ಶಿಖರವನ್ನು ಕಾಣುವವರೆಗೆ ಊಟ ಮಾಡೆನೆಂದು ವ್ರತ ಹಿಡಿದಳು. ಯಾವ ಶಿಲ್ಪಿಯೂ ಮುಂದೆ ಬರದಿದ್ದಾಗ ಕೋಕಸನೆಂಬವನು ಮೇಲಿನಿಂದ ಕೆಳಗೆ ಕಡೆಯಲು ತೊಡಗಿ, ಕೆಲವೇ ದಿನಗಳಲ್ಲಿ ಶಿಖರವನ್ನು ತೋರಿಸಿದನು. ಇದು ಕಥೆ. ಆದರೆ ಕೆಲಸ ನಡೆದ ದಿಕ್ಕನ್ನು ಜನರ ನೆನಪು ಸರಿಯಾಗಿಯೇ ಕಾಪಾಡಿದೆ. ಇನ್ನು ದಾಖಲೆ: ಗುಜರಾತ್ ಶಾಖೆಯ ರಾಷ್ಟ್ರಕೂಟ ದೊರೆ ಕರ್ಕನ ಕ್ರಿ.ಶ. 812ರ ಸುಮಾರಿನ ಬರೋಡದ ತಾಮ್ರಪಟವು ಏಲಾಪುರದಲ್ಲಿ ಕೃಷ್ಣರಾಜನು ಮಾಡಿಸಿದ ದೇವಾಲಯವನ್ನು ಬಣ್ಣಿಸಿ, ಅದನ್ನು ಮಾಡಿದ ಶಿಲ್ಪಿಯೇ ತಾನು ಇದನ್ನು ಹೇಗೆ ಮಾಡಿದೆನೆಂದು ಬೆರಗಾದನೆನ್ನುತ್ತದೆ. ಆ ಶಿಲ್ಪಿಯ ಹೆಸರನ್ನು ಅದು ಹೇಳುವುದಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷದ ಸೂತ್ರಧಾರಿ ಗುಂಡನೆಂದು ಶಾಸನದಿಂದ ತಿಳಿದಿದೆ. ಕೈಲಾಸವನ್ನು ಕಡೆದವನ ಗುರುತಾಗಿ ಉಳಿದಿರುವುದು ಅವನ ಕೆಲಸವೊಂದೇ.

ಇದು ಶಾಸನದಲ್ಲಿದೆಯೇ, ಜನರು ಹೇಳುವುದೇ? ಈ ಒಂದು ಪ್ರಶ್ನೆಯನ್ನು ಸೌಜನ್ಯದಿಂದ ಕೇಳುತ್ತ ಹೋದರೆ ಕಥೆಯ ಸವಿಯೂ ಕೆಡುವುದಿಲ್ಲ, ಇತಿಹಾಸವೂ ಕೆಡುವುದಿಲ್ಲ.

ನಮ್ಮ ಹೊಣೆ

ದಖ್ಖನಿನ ಈ ಬಸಾಲ್ಟ್ ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಲಾವಾರಸದಿಂದ ಆದದ್ದು. ಅದರ ಸೀಳುಗಳಲ್ಲಿ ಮಳೆನೀರು ಇಳಿದು ಶಿಲ್ಪಗಳನ್ನು ಸವೆಸುತ್ತದೆ. ಇದನ್ನು ತಡೆಯುವ ಕೆಲಸ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು. ಆದರೆ ಮನುಷ್ಯರ ಕೈಯಿಂದ ಆಗುವ ಹಾನಿಯನ್ನು ತಡೆಯುವುದು ಪ್ರವಾಸಿಗರಿಗೆ ಮಾತ್ರ ಸಾಧ್ಯ. ಅಂಗಳದ ಆನೆಗಳ ಸೊಂಡಿಲು ಮುರಿದಿರುವುದನ್ನು ನೋಡಿ. ಹೊಸ ಸೊಂಡಿಲನ್ನು ಅಂಟಿಸಬಹುದು. ಆದರೆ ಅದು ಆ ಬೆಟ್ಟದ ಭಾಗವಾಗಲಾರದು.

ಶಿಲ್ಪಗಳನ್ನು ಮುಟ್ಟಬಾರದು, ಅವುಗಳ ಮೇಲೆ ಮಕ್ಕಳನ್ನು ಕೂರಿಸಿ ಚಿತ್ರ ತೆಗೆಯಬಾರದು. ವರ್ಣಚಿತ್ರಗಳಿರುವಲ್ಲಿ ಫ್ಲಾಷ್ ಬೆಳಕು ಬಳಸಬಾರದು. ಬುತ್ತಿಯನ್ನು ಗುಹೆಗಳ ಹೊರಗೆ ಬಿಚ್ಚಬೇಕು. ಗೋಡೆಯ ಮೇಲೆ ಹೆಸರು ಕೆತ್ತುವುದು ಅಪರಾಧ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಸಂವಿಧಾನದ 51ಎ ಅನುಚ್ಛೇದವು ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳಿದೆ.

ಕೈಲಾಸವನ್ನು ಕಡೆದವನು ತನ್ನ ಹೆಸರನ್ನು ಅಲ್ಲಿ ಬಿಟ್ಟುಹೋಗಲಿಲ್ಲ. ನೋಡಲು ಹೋಗುವ ನಾವೂ ಬಿಟ್ಟುಬರಬೇಕಾದ್ದಿಲ್ಲ.