ಶಿಫಾರಸಿಗೆ ಉತ್ತರ ಕೊಡುವವರು ಯಾರು?

ಜೂನ್ ನಡುವಿಗೆ ಉಡುಪಿಯ ಇಂದ್ರಾಳಿ ರೈಲು ನಿಲ್ದಾಣದಲ್ಲಿ ವೇಳಾಪಟ್ಟಿ ಬದಲಾಗುತ್ತದೆ. ಮುಂಬೈ ಕಡೆಯ ಗಾಡಿಗಳ ಹೊತ್ತು ಹಿಂದುಮುಂದಾಗುತ್ತದೆ, ಪ್ರಯಾಣ ಉದ್ದವಾಗುತ್ತದೆ. ಮಳೆ ಹೊಯ್ದು ಮುಂದಿನ ದಾರಿ ಕಾಣದಾದಾಗ ಗಂಟೆಗೆ 40 ಕಿಲೋಮೀಟರಿಗಿಂತ ವೇಗವಾಗಿ ಓಡಿಸಕೂಡದೆಂದು ಚಾಲಕರಿಗೆ ಆದೇಶವಿರುತ್ತದೆ. ಪ್ರತಿವರ್ಷ ನಡೆಯುವುದರಿಂದ ಇದು ಮಳೆಗಾಲದ ಸಹಜ ಕಿರಿಕಿರಿ ಎಂದೇ ನಾವು ಎಣಿಸಿದ್ದೇವೆ. ಆದರೆ ಇದರ ಹಿಂದೆ ಸಾವುಗಳಿವೆ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ, ಗುಡ್ಡ ಜರಿದು ಹಳಿಯ ಮೇಲೆ ಬಿದ್ದಿದ್ದ ಕಲ್ಲುಮಣ್ಣಿಗೆ ಬಡಿದು 50ಕ್ಕೂ ಹೆಚ್ಚು ಮಂದಿ ಸತ್ತರು. ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಕರಾವಳಿಯ ಮನೆಮಾತಾದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರಾಯಗಡ ಜಿಲ್ಲೆಯ ಕರಂಜಾಡಿ ಬಳಿ ಹಳಿಗೆ ಉರುಳಿದ್ದ ಬಂಡೆಯಿಂದಾಗಿ ಸೇತುವೆಯಿಂದ ಕೆಳಗೆ ಬಿತ್ತು. ಆ ಬಳಿಕ ಕೊಂಕಣ ರೈಲ್ವೆ ಕಡಿದ ಗುಡ್ಡಗಳ ಇಳಿಜಾರನ್ನು ತಗ್ಗಿಸಿತು, ಬಂಡೆ ತಡೆಯಲು ಉಕ್ಕಿನ ಬಲೆ ಹೊದಿಸಿತು, ಕಲ್ಲು ಬಿದ್ದರೆ ಎಚ್ಚರಿಸುವ ತಂತಿ ಎಳೆಯಿತು, ಹಗಲಿರುಳು ಹಳಿ ಕಾಯುವವರನ್ನು ನೇಮಿಸಿತು, ಮಳೆಗಾಲದ ವೇಗವನ್ನು ಇಳಿಸಿ ಅದಕ್ಕೆ ತಕ್ಕ ವೇಳಾಪಟ್ಟಿ ಮಾಡಿತು. ಈಗಲೂ ಗುಡ್ಡ ಕುಸಿಯುತ್ತದೆ. ಆದರೆ ಕುಸಿದ ಸುದ್ದಿ ಗಾಡಿಗಿಂತ ಮೊದಲು ತಲುಪಬೇಕೆಂಬುದೇ ಈ ಏರ್ಪಾಟಿನ ಉದ್ದೇಶ.

ಅಪಘಾತ ಕಲಿಸಿದ್ದು ಹೀಗೆ ಒಬ್ಬೊಬ್ಬರ ನಿತ್ಯದ ಕೆಲಸವಾಗುವುದು ಅಪರೂಪ. ಏಕೆಂದರೆ ಅಪಘಾತದ ತನಿಖಾಧಿಕಾರಿಗೆ ಯಾರಿಗೂ ಆಜ್ಞೆ ಮಾಡುವ ಅಧಿಕಾರವಿಲ್ಲ. ರೈಲು ಸುರಕ್ಷತಾ ಆಯುಕ್ತರು ರೈಲ್ವೆ ಮಂಡಳಿಯ ಕೈಕೆಳಗಿನವರಲ್ಲ; ಅವರ ಇಲಾಖೆಯನ್ನು 1941ರಲ್ಲೇ ಮಂಡಳಿಯಿಂದ ಬೇರ್ಪಡಿಸಲಾಯಿತು, ಇಂದು ಅದು ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದೆ. ಅವರು ವಿಚಾರಣೆ ನಡೆಸುತ್ತಾರೆ, ಕಾರಣ ಹೇಳುತ್ತಾರೆ, ಶಿಫಾರಸು ಮಾಡುತ್ತಾರೆ. ಮಾಡಬೇಕಾದವರು ಬೇರೆ. ವಿಮಾನ ಅಪಘಾತದ ತನಿಖೆಯೂ ಹೀಗೆಯೇ. ನನ್ನ ವಾದವಿಷ್ಟು: ತನಿಖೆ ಎಷ್ಟು ಆಳವಾಗಿತ್ತು ಎಂಬುದೊಂದರಿಂದಲೇ ಮುಂದಿನ ಪ್ರಯಾಣಿಕನ ಜೀವ ಉಳಿಯುವುದಿಲ್ಲ. ಶಿಫಾರಸನ್ನು ಪಡೆದವರು ಇಂಥ ದಿನದೊಳಗೆ, ಎಲ್ಲರಿಗೂ ಕಾಣುವಂತೆ, ಮಾಡಿದೆವು ಎಂದೋ ಮಾಡುವುದಿಲ್ಲ, ಕಾರಣ ಇದು ಎಂದೋ ಹೇಳಲೇಬೇಕಾದ ಕಟ್ಟುಪಾಡು ಇರಬೇಕು. ಕೊಂಕಣ ರೈಲ್ವೆಯಲ್ಲಿ ಹಳಿ, ಗಾಡಿಯ ವೇಗ, ಗುಡ್ಡ, ಕಾವಲುಗಾರ ಎಲ್ಲವೂ ಒಂದೇ ಸಂಸ್ಥೆಯ ಹೊಣೆ; ಯಾರು ಮಾಡಬೇಕೆಂಬ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರವಿತ್ತು. ಹೊಣೆ ಹಂಚಿಹೋದ ಕಡೆ ಏನಾಗುತ್ತದೆ ಎಂಬುದಕ್ಕೆ ಬಜ್ಪೆಯ ವಿಮಾನ ನಿಲ್ದಾಣ ಸಾಕ್ಷಿ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದವರು ಕೊಲ್ಲಿ ದೇಶಗಳಿಗೆ ಹೋಗಿಬರುವುದು ಮಂಗಳೂರಿನ ಆ ನಿಲ್ದಾಣದಿಂದಲೇ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಉಳಿದವರು 8. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ನ್ಯಾಯಾಲಯ ಅದೇ ವರ್ಷ ಅಕ್ಟೋಬರ್ ಕೊನೆಗೆ ವರದಿ ಕೊಟ್ಟಿತು. ಬಹಳ ಸ್ಪಷ್ಟವಾದ ವರದಿ ಅದು. ಕ್ಯಾಪ್ಟನ್ ಹಾದಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ರಿಸಿದ್ದರು. ನಿಲ್ದಾಣದ ರೇಡಾರ್ ಮೇ 20ರಿಂದ ಕೆಲಸ ಮಾಡುತ್ತಿರಲಿಲ್ಲ. ವಿಮಾನ ತಡವಾಗಿ ಇಳಿಯತೊಡಗಿತು. ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಿದ್ದ ವಿಮಾನ ಸುಮಾರು 200 ಅಡಿ ಎತ್ತರದಲ್ಲಿ, 160 ನಾಟಿಗೂ ಮೀರಿದ ವೇಗದಲ್ಲಿ ದಾಟಿತು. ವೇಗದಲ್ಲಿ ಸಣ್ಣದಾಗಿ ಕಾಣುವ ಈ ವ್ಯತ್ಯಾಸ ಬ್ರೇಕಿನ ಲೆಕ್ಕದಲ್ಲಿ ಸಣ್ಣದಲ್ಲ: ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅರಗಿಸಬೇಕಾದ ಶಕ್ತಿ ಶೇ 23ರಷ್ಟು ಹೆಚ್ಚುತ್ತದೆ. 2,450 ಮೀಟರ್ ಉದ್ದದ ರನ್‌ವೇಯಲ್ಲಿ ಸುಮಾರು 1,580 ಮೀಟರ್ ಕಳೆದ ಮೇಲೆ ಚಕ್ರ ನೆಲಕ್ಕೆ ತಾಗಿತು. ಮತ್ತೆ ಮೇಲಕ್ಕೆ ಹೋಗೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು.

ಈ ವಿವರ ಓದಿದ ಯಾರಿಗಾದರೂ ಬರುವ ಆಕ್ಷೇಪ ಸಹಜವಾದದ್ದೇ. ತಪ್ಪು ಪೈಲಟ್‌ನದು, ಚಕ್ರ ಊರಿದ ಮೇಲೂ ಪೂರ್ತಿ ಬ್ರೇಕ್ ಹಾಕಿದ್ದರೆ ವಿಮಾನ ರನ್‌ವೇಯೊಳಗೇ ನಿಲ್ಲುತ್ತಿತ್ತೆಂದು ವರದಿಯೇ ಹೇಳುತ್ತದೆ, ಹಾಗಿದ್ದಮೇಲೆ ನಿಲ್ದಾಣವನ್ನು ಸರಿಪಡಿಸಿ ಎಂದು ಕೇಳುವುದೇಕೆ? ಉತ್ತರ ಇಷ್ಟೆ: ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ತಪ್ಪಾದಾಗಲೂ ಸಾವಾಗದಂತೆ ನೋಡಿಕೊಳ್ಳುವುದು ಎಂಜಿನಿಯರಿಂಗ್. ರನ್‌ವೇ ಮೀರಿ ಓಡಿದ ವಿಮಾನದ ರೆಕ್ಕೆ, ಇಳಿಯುವ ದಾರಿ ತೋರಿಸುವ ಆಂಟೆನಾದ ಕಾಂಕ್ರೀಟ್ ಕಟ್ಟಡಕ್ಕೆ ಬಡಿದು ಮುರಿಯಿತು. ಅಂಥ ಕಟ್ಟಡಗಳು ಬಡಿದಾಗ ಮುರಿದು ಬೀಳುವಂತಿರಬೇಕು, ರನ್‌ವೇಯಾಚೆಯ ನೆಲ ಇಳಿಜಾರಾಗಿರಬಾರದು, ಗುಡ್ಡದ ತಲೆಯ ಮೇಲಿನ ಟೇಬಲ್‌ಟಾಪ್ ನಿಲ್ದಾಣಗಳಲ್ಲಿ ವಿಮಾನವನ್ನು ತಡೆದು ನಿಲ್ಲಿಸುವ ವಿಶೇಷ ಹಾಸನ್ನು ಹಾಕುವ ಬಗ್ಗೆ ಯೋಚಿಸಬೇಕು ಎಂದು ಗೋಖಲೆ ವರದಿ ಹೇಳಿತು. ಈ ಹಾಸು ಹಗುರವಾದ, ಗುಳ್ಳೆಗುಳ್ಳೆಯಾದ ಸಿಮೆಂಟಿನ ಇಟ್ಟಿಗೆಗಳದು. ಕಾಪುವಿನ ಕಡಲತೀರದ ಸಡಿಲ ಮರಳಿಗೆ ಇಳಿದ ಕಾರಿನ ಚಕ್ರ ಹೂತುಹೋಗುವಂತೆ ವಿಮಾನದ ಚಕ್ರ ಇದನ್ನು ಪುಡಿಮಾಡುತ್ತ ಒಳಗಿಳಿಯುತ್ತದೆ. ಪುಡಿಮಾಡುವುದರಲ್ಲೇ ಅದರ ಶಕ್ತಿ ಮುಗಿಯುತ್ತದೆ. ಇದೇನೂ ಕಾಗದದ ಮೇಲಿನ ಕಲ್ಪನೆಯಲ್ಲ. ಮಂಗಳೂರಿನ ದುರಂತಕ್ಕೆ ನಾಲ್ಕು ತಿಂಗಳ ಹಿಂದೆ, 2010ರ ಜನವರಿ 19ರಂದು, ಅಮೆರಿಕದ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ, ಬಜ್ಪೆಯಂತೆಯೇ ಬೆಟ್ಟ ತರಿದು ಕಟ್ಟಿದ ನಿಲ್ದಾಣದಲ್ಲಿ, ಹಾರಲು ಹೊರಟು ಅರ್ಧಕ್ಕೆ ನಿಲ್ಲಿಸಿದ ಜೆಟ್ ವಿಮಾನವೊಂದು ರನ್‌ವೇ ಮೀರಿ ಇಂಥ ಹಾಸಿನೊಳಗೆ ನಿಂತಿತು. ಆಚೆ ಪ್ರಪಾತವಿತ್ತು. ಒಳಗಿದ್ದ 34 ಮಂದಿಯಲ್ಲಿ ಯಾರಿಗೂ ಪೆಟ್ಟಾಗಲಿಲ್ಲ.

ಮಂಗಳೂರಿನ ವರದಿ ಬಂದ ಹತ್ತು ವರ್ಷದೊಳಗೆ, 2020ರ ಆಗಸ್ಟ್ 7ರಂದು, ಅದೇ ವಿಮಾನ ಸಂಸ್ಥೆಯ, ಅದೇ ದುಬೈಯಿಂದ ಬಂದ ವಿಮಾನ ಕಲ್ಲಿಕೋಟೆಯ ಕರಿಪುರ ಟೇಬಲ್‌ಟಾಪ್ ನಿಲ್ದಾಣದಲ್ಲಿ ಮಳೆಯ ನಡುವೆ, ಹಿಂದಿನಿಂದ ಬೀಸುವ ಗಾಳಿಯಲ್ಲಿ ಇಳಿಯಿತು. 2,700 ಮೀಟರ್ ರನ್‌ವೇಯ ಅರ್ಧದಷ್ಟು ಕಳೆದ ಮೇಲೆ ಚಕ್ರ ಊರಿ, ತುದಿ ದಾಟಿ, ಕೆಳಗೆ ಬಿದ್ದು ತುಂಡಾಯಿತು. 21 ಜನ ಸತ್ತರು. ಆ ತುದಿಯಲ್ಲಿ ತಡೆಯುವ ಹಾಸು ಇರಲಿಲ್ಲ. ಇದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಆ ಹಾಸು ತಡೆಯಬಲ್ಲ ವೇಗಕ್ಕೂ ಮಿತಿಯಿದೆ. ಆದರೆ ಒಂದೇ ಬಗೆಯ ಅಪಘಾತ ಒಂದೇ ಬಗೆಯ ನೆಲದಲ್ಲಿ ಮರುಕಳಿಸಿದಾಗ, ಹತ್ತು ವರ್ಷದ ಹಿಂದಿನ ಶಿಫಾರಸಿಗೆ ಏನಾಯಿತು, ಒಪ್ಪದಿದ್ದರೆ ಯಾವ ಲೆಕ್ಕದ ಮೇಲೆ ಒಪ್ಪಲಿಲ್ಲ ಎಂಬುದನ್ನು ಸತ್ತವರ ಮನೆಯವರು ಒಂದು ಕಡೆ ಓದಿ ತಿಳಿಯುವಂತಿರಬೇಕಿತ್ತು.

ವರದಿಯೆಲ್ಲ ಕಸದ ಬುಟ್ಟಿ ಸೇರಿತೆಂದೂ ಅಲ್ಲ. ತನಿಖೆಗೆ ಪ್ರತ್ಯೇಕ ಸಂಸ್ಥೆ ಬೇಕೆಂದು ಗೋಖಲೆ ಸಮಿತಿ ಹೇಳಿತ್ತು; 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಹುಟ್ಟಿತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿದ ಪೈಲಟ್‌ನನ್ನು ದಂಡಿಸಬಾರದೆಂಬ ನೀತಿ ಇಂದು ನಮ್ಮ ವಿಮಾನ ಸಂಸ್ಥೆಗಳಲ್ಲಿದೆ. ಸುತ್ತೋಲೆಯಿಂದ ಮುಗಿಯುವ ಶಿಫಾರಸು ಬೇಗ ಜಾರಿಯಾಗುತ್ತದೆ. ನೆಲ, ಹಣ ಮತ್ತು ಮೂರು ನಾಲ್ಕು ಕಚೇರಿಗಳ ಒಪ್ಪಿಗೆ ಬೇಕಾದದ್ದು ಉಳಿದುಬಿಡುತ್ತದೆ. ರನ್‌ವೇ ನೋಡಿಕೊಳ್ಳುವವರು ಒಬ್ಬರು, ವಿಮಾನ ಓಡಿಸುವವರು ಇನ್ನೊಬ್ಬರು, ನಿಯಮ ಮಾಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಸುತ್ತಲಿನ ಜಮೀನು ಕೊಡಿಸಬೇಕಾದದ್ದು ರಾಜ್ಯ ಸರ್ಕಾರ. 2020ರ ಅಕ್ಟೋಬರ್ ಕೊನೆಗೆ ಮಂಗಳೂರು ನಿಲ್ದಾಣದ ನಿರ್ವಹಣೆ ಅದಾನಿ ಸಮೂಹದ ಕೈಗೆ ಹೋಯಿತು. ಕೈ ಬದಲಾದಂತೆ ಹಳೆಯ ಶಿಫಾರಸಿನ ಹೊಣೆಯೂ ಕಡತದ ಜೊತೆ ದಾಟುತ್ತದೆಯೇ ಎಂಬುದು ಸಣ್ಣ ಪ್ರಶ್ನೆಯಲ್ಲ.

ಹಾಗಾದರೆ ತನಿಖಾಧಿಕಾರಿಗೇ ಆಜ್ಞೆ ಮಾಡುವ ಅಧಿಕಾರ ಕೊಟ್ಟುಬಿಡಬಾರದೇಕೆ ಎಂದು ಕೇಳಬಹುದು. ಕೇಳಲು ಹಿತವಾದ ಪರಿಹಾರ, ಆದರೆ ಅಪಾಯದ್ದು. ಆಜ್ಞೆ ಮಾಡುವವನು ನಿಯಂತ್ರಕನಾಗುತ್ತಾನೆ. ಮುಂದಿನ ಅಪಘಾತಕ್ಕೆ ಅವನ ಆಜ್ಞೆಯೇ ಕಾರಣವಾದರೆ ತನ್ನನ್ನು ತಾನೇ ತನಿಖೆ ಮಾಡಿಕೊಳ್ಳಬೇಕು. ಶಿಕ್ಷೆ ಕೊಡಬಲ್ಲವನ ಎದುರು ಪೈಲಟ್, ಗಾರ್ಡ್, ಸ್ಟೇಷನ್ ಮಾಸ್ಟರ್ ಮನಸ್ಸು ಬಿಚ್ಚಿ ಮಾತಾಡುವುದೂ ಇಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1967ರಲ್ಲಿ ಹುಟ್ಟಿ, 1975ರಲ್ಲಿ ಸಾರಿಗೆ ಇಲಾಖೆಯಿಂದ ಪೂರ್ತಿ ಬೇರೆಯಾದದ್ದು ಈ ಕಾರಣಕ್ಕೇ. ನಮ್ಮ ಬ್ಯೂರೊ ಇನ್ನೂ ನಿಯಂತ್ರಕರಿರುವ ಸಚಿವಾಲಯದ ಅಡಿಯಲ್ಲೇ ಇದೆ. ಇದು ಅರ್ಧ ದೂರ ನಡೆದು ನಿಂತಂತೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಮಂಡಳಿಗೂ ಆಜ್ಞಾಧಿಕಾರವಿಲ್ಲ. ಅದಕ್ಕಿರುವ ಬಲ ಬೇರೆ: ಶಿಫಾರಸು ತಲುಪಿದ ಮೇಲೆ ಸಾರಿಗೆ ಇಲಾಖೆ 90 ದಿನದೊಳಗೆ ಉತ್ತರಿಸಲೇಬೇಕು, ಆ ಉತ್ತರ ಒಪ್ಪುವಂಥದೋ ಅಲ್ಲವೋ ಎಂದು ಮಂಡಳಿ ಬಹಿರಂಗವಾಗಿ ಗುರುತು ಹಾಕುತ್ತದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧವೂ ಶಿಫಾರಸು ಪಡೆದ ದೇಶಕ್ಕೆ ಇದೇ 90 ದಿನದ ಗಡುವು ವಿಧಿಸುತ್ತದೆ. ದುಬಾರಿ ಎಂದು ನಿರಾಕರಿಸಲು ಈ ಪದ್ಧತಿಯಲ್ಲಿ ಅವಕಾಶವಿದೆ, ಸುಮ್ಮನಿರಲು ಅವಕಾಶವಿಲ್ಲ. ಹಣದ ಕೊರತೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ನ್ಯಾಯವಾದ ಉತ್ತರ ನನಗೆ ತೋಚದು.

ಶಿಫಾರಸು, ಉತ್ತರಗಳ ಬರೀ ಪಟ್ಟಿಯಿಂದ ಏನಾಗುತ್ತದೆ ಎಂಬ ಅನುಮಾನಕ್ಕೂ ಆಧಾರವಿದೆ. ಚಾಲಕ ಕೆಂಪು ದೀಪ ದಾಟಿದರೆ ರೈಲು ತಾನೇ ನಿಲ್ಲುವ ವ್ಯವಸ್ಥೆ ಬೇಕೆಂದು ಅಮೆರಿಕದ ಆ ಮಂಡಳಿ 1969ರ ಒಂದು ಅಪಘಾತದಿಂದ ಹೇಳುತ್ತ ಬಂತು. 2008ರಲ್ಲಿ ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್‌ನಲ್ಲಿ 25 ಮಂದಿ ಸತ್ತ ಮೇಲಷ್ಟೇ ಕಾನೂನು ಬಂತು, ಕೆಲಸ ಮುಗಿದದ್ದು 2020ರಲ್ಲಿ. ಐವತ್ತೊಂದು ವರ್ಷ! ಆದರೂ ಆ ಪಟ್ಟಿ ವ್ಯರ್ಥವಾಗಲಿಲ್ಲ. ಈ ವ್ಯವಸ್ಥೆಯಿದ್ದರೆ ತಪ್ಪುತ್ತಿದ್ದ ಅಪಘಾತಗಳು 154 ಎಂದು ಲೆಕ್ಕ ಇಟ್ಟವರು ಅವರೇ. ಕಾನೂನು ಮಾಡುವವರ ಮುಂದೆ ಇಡಲು ಅಂದಿನವರೆಗಿನ ಲೆಕ್ಕ ಸಿದ್ಧವಾಗಿತ್ತು.

ನಮ್ಮ ರಸ್ತೆಗಳಿಗೆ ಅಷ್ಟೂ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಆದರೆ ರಸ್ತೆ ಅಪಘಾತಕ್ಕೆ ರೈಲಿನ ಸುರಕ್ಷತಾ ಆಯುಕ್ತರಂಥವರು ಯಾರೂ ಇಲ್ಲ. 2016ರ ಜೂನ್ 21ರಂದು ಉಡುಪಿ ಜಿಲ್ಲೆಯ ತ್ರಾಸಿಯಲ್ಲಿ ಶಾಲೆಗೆ ಹೊರಟಿದ್ದ ಓಮ್ನಿ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ಸತ್ತರು. 2020ರ ಫೆಬ್ರವರಿ 15ರಂದು ಕಾರ್ಕಳ ತಾಲ್ಲೂಕಿನ ಮಾಳ ಬಳಿ, ಕುದುರೆಮುಖದ ದಾರಿಯಲ್ಲಿ, ಪ್ರವಾಸಿ ಬಸ್ಸು ರಸ್ತೆಬದಿಯ ಬಂಡೆಗೆ ಬಡಿದು 9 ಮಂದಿ ಸತ್ತರು. ಇಂಥಲ್ಲಿ ಪೊಲೀಸರ ತನಿಖೆ ಕಾನೂನಿನಂತೆ ನಿರ್ಲಕ್ಷ್ಯದ ಚಾಲನೆಯನ್ನೇ ಮೊದಲು ಹುಡುಕುತ್ತದೆ, ಹುಡುಕಬೇಕಾದದ್ದೇ. ಆದರೆ ಘಾಟಿಯ ತಿರುವಿನಲ್ಲಿ ಬಂಡೆ ರಸ್ತೆಯಂಚಿಗೆ ಅಷ್ಟು ಹತ್ತಿರ ಏಕಿತ್ತು, ವಾಹನವನ್ನು ಉಜ್ಜಿಕೊಂಡು ಜಾರಿಸಿ ನಿಧಾನವಾಗಿಸುವ ತಡೆಬೇಲಿ ಅಲ್ಲಿಗೆ ಬೇಕೇ ಎಂದು ಕೇಳುವ ಹೊಣೆ ಆ ತನಿಖೆಯದಲ್ಲ. ಲಕ್ಷಗಟ್ಟಲೆ ಅಪಘಾತಗಳನ್ನು ಹೀಗೆ ಒಂದೊಂದಾಗಿ ತನಿಖೆ ಮಾಡಲಾಗದು ಎಂಬುದು ನಿಜ. ಮಾಡಬೇಕಾಗಿಯೂ ಇಲ್ಲ. 500 ಮೀಟರ್ ದಾರಿಯಲ್ಲಿ ಮೂರು ವರ್ಷಕ್ಕೆ 5 ಗಂಭೀರ ಅಪಘಾತ ಅಥವಾ 10 ಸಾವು ಎಂಬ ಅಳತೆಯಿಂದ ಕಪ್ಪುಚುಕ್ಕೆಗಳನ್ನು ಗುರುತಿಸುವ ಪದ್ಧತಿ ಈಗಾಗಲೇ ಇದೆ, ಅವುಗಳಿಂದಲೇ ತೊಡಗಬಹುದು.

ಪಡುಬಿದ್ರಿಯಿಂದ ಕಾಪು, ಕಟಪಾಡಿ, ಉದ್ಯಾವರ, ಅಂಬಲಪಾಡಿ ದಾಟಿ ಸಂತೆಕಟ್ಟೆಯವರೆಗೆ ಹೋಗುವ ಹೆದ್ದಾರಿ 66 ಊರುಗಳ ನಡುವೆಯೇ ಹಾಯುತ್ತದೆ. ಎಲ್ಲಿ ಜನ ದಾಟುತ್ತಾರೆಂದು ಅಲ್ಲಿನವರಿಗೆ ಗೊತ್ತು, ಯಾವ ಬಗೆಯ ಗಾಯಗಳು ಬರುತ್ತವೆಂದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ವೈದ್ಯರಿಗೆ ಗೊತ್ತು, ರಸ್ತೆಯ ಲೆಕ್ಕ ಹಾಕಬಲ್ಲ ಎಂಜಿನಿಯರುಗಳು ಅದೇ ಮಣಿಪಾಲದ ತಾಂತ್ರಿಕ ಕಾಲೇಜಿನಲ್ಲಿದ್ದಾರೆ. ಇವರನ್ನು ಒಂದು ಮೇಜಿನ ಸುತ್ತ ಕೂರಿಸಲು ಹೊಸ ಕಾಯ್ದೆ ಬೇಡ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಈಗಾಗಲೇ ಇದೆ. ವಿನ್ಯಾಸದ ಮಾನದಂಡ ಮೀರಿದ ಗುತ್ತಿಗೆದಾರರಿಗೂ ಪ್ರಾಧಿಕಾರಗಳಿಗೂ ದಂಡ ಹಾಕುವ 198ಎ ಸೆಕ್ಷನ್ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲಿದೆ. ಆ ಸಮಿತಿ ಪ್ರತಿ ಕಪ್ಪುಚುಕ್ಕೆಗೂ ಏನು ಮಾಡಬೇಕು, ಅದು ಹೆದ್ದಾರಿ ಪ್ರಾಧಿಕಾರದ್ದೋ ಲೋಕೋಪಯೋಗಿ ಇಲಾಖೆಯದೋ ಗ್ರಾಮ ಪಂಚಾಯತಿಯದೋ, ಯಾವ ದಿನಾಂಕದೊಳಗೆ ಉತ್ತರ ಬರಬೇಕು, ಬಂದ ಉತ್ತರವೇನು ಎಂಬ ನಾಲ್ಕು ಕಲಮುಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಅಚ್ಚು ಹಾಕಿಸಿ ಪ್ರತಿ ಪಂಚಾಯತಿಯ ಗೋಡೆಗೆ ಅಂಟಿಸಲಿ. ನಾಲ್ಕನೆಯ ಕಲಮು ಖಾಲಿ ಇದ್ದರೆ ಖಾಲಿಯಾಗಿಯೇ ಅಂಟಿಸಲಿ.