ಮಚ್ಚೆಯನ್ನು ಯಾರ ಕೈಗೆ ಒಪ್ಪಿಸಬೇಕು?

ಲೇಸರ್ ಕಿರಣದ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಪರೀಕ್ಷೆಗೆ ಸಂಬಂಧಿಸಿದವು. ನ್ಯಾಮತಿಯ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮಾತ್ರ ಬೇರೆಯದೇ ಪ್ರಶ್ನೆ ಕೇಳಿದಳು. ಅವಳ ಕೆನ್ನೆಯ ಮೇಲೊಂದು ಮಚ್ಚೆಯಿತ್ತು. ನಗರದ ಸೌಂದರ್ಯಕೇಂದ್ರವೊಂದರಲ್ಲಿ ಅದನ್ನು ಲೇಸರಿನಿಂದ ಸುಡಿಸಿಕೊಂಡಿದ್ದಳು. ಮೂರು ತಿಂಗಳೊಳಗೆ ಗಾಯದ ಕಲೆಯ ನಡುವೆ ಕಪ್ಪು ಮತ್ತೆ ಮೂಡಿತು. ಈ ಸಲ ಅಂಚು ವಕ್ರ, ಬಣ್ಣವೂ ಒಂದೇ ಸಮನಲ್ಲ. “ಆವಿಯಾಗಿ ಹೋದದ್ದು ಮರಳಿ ಬಂದದ್ದು ಹೇಗೆ ಸಾರ್? ಈಗ ಯಾವ ಡಾಕ್ಟರ ಬಳಿಗೆ ಹೋಗಲಿ?” ಮೊದಲನೆಯದಕ್ಕೆ ಭೌತಶಾಸ್ತ್ರದಿಂದ ಅರ್ಧ ಉತ್ತರ ಕೊಡಬಲ್ಲವನಾದೆ. ಎರಡನೆಯದಕ್ಕಾಗಿ ವೈದ್ಯಮಿತ್ರರನ್ನು ವಿಚಾರಿಸಬೇಕಾಯಿತು.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ದ್ರವ್ಯ ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಚರ್ಮದಲ್ಲೆಲ್ಲ ಚದುರಿಕೊಂಡಿರುವುದು ವಾಡಿಕೆ. ಒಂದೆಡೆ ಅವು ಗುಂಪುಗೂಡಿದರೆ ಅದೇ ಮಚ್ಚೆ. ಹೆಚ್ಚಿನವು ಬಾಲ್ಯದಿಂದ ಮೂವತ್ತರ ವಯಸ್ಸಿನೊಳಗೆ ಮೂಡುತ್ತವೆ, ಯಾವ ತೊಂದರೆಯನ್ನೂ ಕೊಡುವುದಿಲ್ಲ. (ಬಲಗೆನ್ನೆಯ ಮಚ್ಚೆ ಅದೃಷ್ಟವನ್ನು ತರುವುದೆಂಬ ಮಾತನ್ನು ವಾಚಕರು ಕೇಳಿರಬಹುದು; ಅದನ್ನು ಅಳೆಯುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ.) ಆದರೆ ಕಪ್ಪಗೆ ಕಂಡದ್ದೆಲ್ಲ ಮಚ್ಚೆಯಲ್ಲ. ನರುಲಿ ವೈರಸ್ಸಿನಿಂದ ಬರುವಂಥದು. ವಯಸ್ಸಾದವರ ಮುಖದ ಮೇಲೆ ಏಳುವ ಸಣ್ಣ ಕರಿಯ ಗುಳ್ಳೆಗಳು ಮತ್ತೊಂದು ಜಾತಿ. ತೀರ ಅಪರೂಪವಾಗಿ ಮೆಲನೋಮ ಎಂಬ ಕ್ಯಾನ್ಸರು ಮಚ್ಚೆಯ ವೇಷದಲ್ಲಿ ಕುಳಿತಿರುತ್ತದೆ. ನಮ್ಮಂಥ ಕಂದುಬಣ್ಣದ ಜನರಲ್ಲಿ ಅದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡಗಳನ್ನು ಆರಿಸಿಕೊಳ್ಳುತ್ತದೆ. ಚನ್ನಗಿರಿಯ ಅಡಿಕೆ ತೋಟದಲ್ಲಿಯೋ ಜಗಳೂರಿನ ಒಣಹೊಲದಲ್ಲಿಯೋ ಬರಿಗಾಲಿನಲ್ಲಿ ದುಡಿಯುವವನು ಅಂಗಾಲಿನ ಕಪ್ಪನ್ನು ಮುಳ್ಳು ಚುಚ್ಚಿದ ಕಲೆಯೆಂದು ಭಾವಿಸಿ ವರ್ಷಗಟ್ಟಲೆ ಸುಮ್ಮನಿದ್ದರೆ ಆಶ್ಚರ್ಯವಿಲ್ಲ.

ಹಳ್ಳಿಗಳಲ್ಲಿ ಸುಣ್ಣ ಮತ್ತು ಸೋಡವನ್ನು ಕಲಸಿ ಹಚ್ಚುವ, ಗೇರುಬೀಜದ ಎಣ್ಣೆಯನ್ನು ತಾಗಿಸುವ ಪದ್ಧತಿಗಳುಂಟು. ಇವೆರಡೂ ಚರ್ಮವನ್ನು ಸುಡುವುವು. ಸುಣ್ಣ ಸೋಡಗಳು ಕೂಡಿದಾಗ ಹುಟ್ಟುವ ದಾಹಕ ಕ್ಷಾರಕ್ಕೆ ಮಚ್ಚೆ ಎಲ್ಲಿ ಮುಗಿಯಿತೆಂಬುದು ತಿಳಿಯದು. ಉಬ್ಬಿದ ಗಾಯದ ಕಲೆ ಜೀವಮಾನವಿಡೀ ಉಳಿಯಬಹುದು.

ಲೇಸರು ಇದಕ್ಕಿಂತ ಎಷ್ಟೋ ನಾಜೂಕಾದದ್ದು. ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಿರ್ಮಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ಕುಮಾರ್ ಪಟೇಲ್. ಅದರ ಕಿರಣದ ತರಂಗಾಂತರ 10.6 ಮೈಕ್ರೋಮೀಟರು. ಈ ಕಿರಣವನ್ನು ನೀರು ಅತ್ಯಾಸೆಯಿಂದ ಹೀರುತ್ತದೆ. ಚರ್ಮದಲ್ಲಿ ನೀರು ಯಥೇಚ್ಛವಾಗಿರುವುದರಿಂದ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ಆಳದಲ್ಲಿಯೇ ಶಕ್ತಿಯೆಲ್ಲ ವ್ಯಯವಾಗಿ, ಆ ಪದರ ಆವಿಯಾಗಿ ಹಾರಿಹೋಗುತ್ತದೆ. ಹೀಗೆ ಪದರ ಪದರವಾಗಿ ತೆಗೆಯಬಹುದು. ಆದರೆ ಮಚ್ಚೆಯ ಕೋಶಗಳು ಅನೇಕ ವೇಳೆ ಒಂದು ಮಿಲಿಮೀಟರಿಗಿಂತಲೂ ಆಳಕ್ಕೆ ಇಳಿದಿರುತ್ತವೆ. ಕಲೆಯಾದೀತೆಂದು ಮೇಲೆಯೇ ನಿಲ್ಲಿಸಿದರೆ ತಳದಲ್ಲಿ ಉಳಿದ ಕೋಶಗಳು ಮತ್ತೆ ಬಣ್ಣ ಕಟ್ಟುತ್ತವೆ. ನನ್ನ ವಿದ್ಯಾರ್ಥಿನಿಗೆ ನಾನು ಕೊಟ್ಟ ಅರ್ಧ ಉತ್ತರ ಇದೇ.

ಇನ್ನೂ ದೊಡ್ಡ ನಷ್ಟವೊಂದಿದೆ. ಆವಿಯಾಗಿ ಹೋದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಲಾಗುವುದಿಲ್ಲ. ಮೆಲನೋಮದ ಅಪಾಯವು ಬಹುಮಟ್ಟಿಗೆ ಅದರ ಆಳವನ್ನು ಅವಲಂಬಿಸಿದೆಯೆಂದು ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ತೋರಿಸಿಕೊಟ್ಟರು. ಒಂದು ಮಿಲಿಮೀಟರಿಗಿಂತ ತೆಳ್ಳಗಿರುವಾಗಲೇ ಕತ್ತರಿಸಿ ತೆಗೆದರೆ ಬಹುಪಾಲು ರೋಗಿಗಳು ಗುಣ ಹೊಂದುತ್ತಾರೆ. ಆಳ ಹೆಚ್ಚಿದಂತೆ ಆಸೆ ಕುಗ್ಗುತ್ತದೆ. ಮೇಲಿನ ಪದರಗಳನ್ನು ಸುಟ್ಟುಬಿಟ್ಟ ಮೇಲೆ ಈ ಅಳತೆಯನ್ನು ಮಾಡುವುದೆಲ್ಲಿಂದ? ಸಾಧಾರಣ ಮಚ್ಚೆಯೇ ಆಗಿದ್ದರೂ, ಅರ್ಧ ಸುಟ್ಟು ಮರಳಿ ಬಂದಾಗ ಅದು ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರನ್ನು ಹೋಲಿ ರೋಗಶಾಸ್ತ್ರಜ್ಞರನ್ನೇ ಗೊಂದಲಕ್ಕೆ ಕೆಡವಬಲ್ಲುದು.

ಆದುದರಿಂದ ತೆಗೆಯುವ ಕೈಗಿಂತ ಮೊದಲು ನೋಡುವ ಕಣ್ಣು ಬೇಕು. ಆ ಕಣ್ಣು ಚರ್ಮರೋಗ ತಜ್ಞರದು. ಎಂ.ಬಿ.ಬಿ.ಎಸ್. ಆದ ಬಳಿಕ ಚರ್ಮ, ಲೈಂಗಿಕ ಮತ್ತು ಕುಷ್ಠ ರೋಗಗಳಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ತರಬೇತಿ ಪಡೆದವರು ಇವರು. ಇವರ ಬಳಿ ಡರ್ಮಟೊಸ್ಕೋಪ್ ಎಂಬ ಪುಟ್ಟ ಉಪಕರಣವಿರುತ್ತದೆ. ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ಭಾಗ ಮೇಲ್ಮೈಯಿಂದಲೇ ಹೊಳೆದು ಹಿಂದಿರುಗಿ ಒಳಗಿನದನ್ನು ಮರೆಮಾಡುತ್ತದೆ. ಅಡ್ಡಲಾಗಿ ಇಟ್ಟ ಎರಡು ಧ್ರುವಕಗಳಿಂದ ಈ ಹೊಳಪನ್ನು ಅಳಿಸಿದರೆ ಒಳಗಿನ ಬಣ್ಣದ ಜಾಲ ಕಾಣಿಸಿಕೊಳ್ಳುತ್ತದೆ. ನಮ್ಮ ಪಠ್ಯದಲ್ಲಿ ಒಣಗಿ ಕುಳಿತಿರುವ ಧ್ರುವೀಕರಣದ ಅಧ್ಯಾಯಕ್ಕೆ ಇಂಥ ಉದಾಹರಣೆಯನ್ನು ಏಕೆ ಸೇರಿಸಬಾರದೋ ಕಾಣೆ!

ಹೆಚ್ಚಿನ ಮಚ್ಚೆಗಳನ್ನು ಈ ತಜ್ಞರೇ ಸ್ಥಳಕ್ಕೆ ಮಾತ್ರ ಅರಿವಳಿಕೆ ಕೊಟ್ಟು ತೆಗೆಯುತ್ತಾರೆ. ರೆಪ್ಪೆಯ ಅಂಚಿನದಾದರೆ ನೇತ್ರವೈದ್ಯರು ಬೇಕು. ಮುಖದ ಮೇಲೆ ಅಗಲವಾಗಿ ಹರಡಿರುವ ಹುಟ್ಟುಮಚ್ಚೆಯನ್ನು ಎಂ.ಸಿಎಚ್. ಪಡೆದ ಪ್ಲಾಸ್ಟಿಕ್ ಶಸ್ತ್ರವೈದ್ಯರಿಗೆ ಬಿಡುವುದು ಲೇಸು. ಕ್ಯಾನ್ಸರೆಂದು ಖಚಿತವಾದರೆ ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗೆ ಹೋಗತಕ್ಕದ್ದು. ಬಿಳಿಯ ಕೋಟು ತೊಟ್ಟವರೆಲ್ಲ ವೈದ್ಯರಲ್ಲವಾದ ಕಾರಣ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ನಮ್ಮ ಕಡೆಯವರಿಗೆ ದಾರಿ ತೀರ ದೂರದ್ದೇನಲ್ಲ. ಚನ್ನಗಿರಿ, ಹೊನ್ನಾಳಿ, ಜಗಳೂರುಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ದಾವಣಗೆರೆಯಲ್ಲಿ ಸರಕಾರದ ಚಿಗಟೇರಿ ಆಸ್ಪತ್ರೆಯೂ 1965ರಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಇವೆ. ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಮೊದಲು ಊರಿನ ಸರಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಅವರಿಂದ ಪತ್ರ ಪಡೆದು ಹೊರಟರೆ ಅಲೆದಾಟ ಕಡಿಮೆಯಾದೀತು. ಮಚ್ಚೆಯ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ತೆಗೆದ ಹಳೆಯ ಛಾಯಾಚಿತ್ರವಿದ್ದರೆ ವೈದ್ಯರಿಗೆ ಬಹಳ ಉಪಕಾರ. ಎರಡು ಅರ್ಧಗಳು ಹೊಂದದಿರುವುದು, ಅಂಚು ಒಡೆದಿರುವುದು, ಬಣ್ಣ ಹಲವಾಗಿರುವುದು, ಅಗಲ 6 ಮಿಲಿಮೀಟರನ್ನು ಮೀರಿರುವುದು, ಎಲ್ಲಕ್ಕಿಂತ ಮಿಗಿಲಾಗಿ ಕೆಲವು ತಿಂಗಳಲ್ಲಿ ಬದಲಾಗಿರುವುದು ಅಥವಾ ರಕ್ತ ಒಸರುವುದು: ಇವು ಕಂಡರೆ ತಡಮಾಡಬಾರದು. ಇಲ್ಲವಾದರೆ ಅವಸರವೇನೂ ಇಲ್ಲ. ಪರೀಕ್ಷೆ ಮುಗಿಸಿಕೊಂಡೇ ಹೋಗಬಹುದು.

ನನ್ನ ವಿದ್ಯಾರ್ಥಿನಿಯನ್ನು ಚರ್ಮರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ, “ಹಿಂದೆ ತೆಗೆದಾಗ ಚೂರನ್ನು ಪರೀಕ್ಷೆಗೆ ಕಳುಹಿಸಿದ್ದರೆ?” ಕಳುಹಿಸಲು ಚೂರೇ ಉಳಿದಿರಲಿಲ್ಲ. ಅವರು ಕಲೆಯನ್ನು ಪೂರ್ತಿಯಾಗಿ ಕತ್ತರಿಸಿ, ಹಿಂದೆ ಸುಡಲಾಗಿತ್ತೆಂಬ ಸಂಗತಿಯನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು, ರೋಗಶಾಸ್ತ್ರ ವಿಭಾಗಕ್ಕೆ ಕಳುಹಿಸಿದರು. ಉಳಿದುಕೊಂಡಿದ್ದ ಸಾಧಾರಣ ಮಚ್ಚೆಯ ಕೋಶಗಳೆಂದು ವರದಿ ಬಂದದ್ದು ಹತ್ತು ದಿನಗಳ ಮೇಲೆ. ಆ ಹತ್ತು ದಿನವೂ ಅವಳ ತಂದೆ ಸಂಜೆ ಸಂಜೆ ನನಗೆ ಫೋನು ಮಾಡುತ್ತಿದ್ದರು. ಹೇಳಲು ನನ್ನಲ್ಲಿ ಏನೂ ಇರುತ್ತಿರಲಿಲ್ಲ.