ತಾಸಗಾಂವ ನೋಡಿ ಕಲಿತ ಮಣೂಕ

ನಮ್ಮ ಅಥಣಿ ತಾಲೂಕಿನ ತೆಲಸಂಗ, ಐಗಳಿ ಕಡೆ ಬಂದವರು ಹೊಲದಾಗಿನ ಉದ್ದನೆಯ ಜಾಳಿಗೆ ಶೆಡ್ ನೋಡಿ 'ಇದೇನ್ರಿ?' ಅಂತ ಕೇಳುತ್ತಾರೆ. ಒಣದ್ರಾಕ್ಷಿ, ನಮ್ಮ ಮಾತಿನಲ್ಲಿ ಮಣೂಕ, ಮಾಡುವ ಶೆಡ್. ಸಾಂಗ್ಲಿ ಜಿಲ್ಲೆಯ ತಾಸಗಾಂವದವರದು ನೋಡೇ ಮಾಡೀವಿ. ಇದರಾಗ ನಾಚಿಕಿ ಏನೂ ಇಲ್ಲ.

ಅವರಾದರೂ ಎಲ್ಲಿ ಕಲಿತರು? ಹಣ್ಣು ಅದ್ದುವ ಪದ್ಧತಿ ಆಸ್ಟ್ರೇಲಿಯಾದ್ದು. 100 ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್. ಗೊಂಚಲನ್ನು 2ರಿಂದ 4 ನಿಮಿಷ ಅದ್ದಿದರೆ ಸಿಪ್ಪೆ ಮೇಲಿನ ಮೇಣ ಸಡಿಲಾಗಿ ನೀರಂಶ ಬೇಗ ಹೊರಬೀಳುತ್ತದೆ. ನೆರಳಲ್ಲಿ ಸುಮಾರು 15 ದಿನಕ್ಕೆ ಒಣಗುತ್ತದೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಮಣೂಕ. ಅವರ ತಾಸ್-ಎ-ಗಣೇಶ ತಳಿಯೂ ಹೊರದೇಶದಿಂದ ಬಂದ ಥಾಮ್ಸನ್ ಸೀಡ್‌ಲೆಸ್‌ನಿಂದ ಆರಿಸಿದ್ದೇ.

ನೋಡಿ ಮಾಡುವುದರ ಲಾಭ ದೊಡ್ಡದು. ಪ್ರಯೋಗದ ಖರ್ಚು ಮೊದಲಿನವರದು, ಫಲ ನಮಗೂ. ಹಸಿ ಹಣ್ಣು ಕಾಯುವುದಿಲ್ಲ, ದರ ಬಿದ್ದ ದಿನವೂ ವ್ಯಾಪಾರಿ ಕೇಳಿದ್ದಕ್ಕೆ ಕೊಡಬೇಕು. ಮಣೂಕವನ್ನು ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇಡಬಹುದು.

ಆದರೆ ಎಲ್ಲರೂ ಅದನ್ನೇ ಮಾಡಿದ ಮೇಲೆ? ಒಂದೇ ತಳಿ, ಒಂದೇ ಬಣ್ಣ, ಒಂದೇ ಪೇಟೆ. ನಮ್ಮ ಮಾಲು ಬಹಳಷ್ಟು ಸಾಂಗ್ಲಿ, ತಾಸಗಾಂವದ ಹರಾಜಿಗೆ ಹೋಗಿ ಅಲ್ಲಿಯ ಮಾಲಿನೊಳಗೆ ಕರಗುತ್ತದೆ. ಸಾಂಗ್ಲಿ ಒಣದ್ರಾಕ್ಷಿಗೆ ಜಿಐ ಮಾನ್ಯತೆ, ಅಂದರೆ ಊರಹೆಸರಿನ ಹಕ್ಕು, ಇದೆ. ಕೆಲಸ ಕಲಿಯಬಹುದು, ಹೆಸರು ಕಲಿತು ಬರೂದಿಲ್ಲ.

ಇದೇ ಸೀಮೆಯ ಚಪ್ಪಲಿ ನೋಡಿ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕೈಗಳು ಹೊಲಿದದ್ದು ಕೊಲ್ಹಾಪುರಿ ಎಂದೇ ಮಾರಾಟ. 2019ರಲ್ಲಿ ಆ ಹೆಸರಿಗೆ ಜಿಐ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನ್‌ನಲ್ಲಿ ಮೆರೆಸಿತು. ಗದ್ದಲ ಎದ್ದ ಮೇಲೆ ಇದರ ಮೂಲ ಭಾರತದ್ದೆಂದು ಒಪ್ಪಬೇಕಾಯಿತು. ಆ ಮಾಪಿನ ಕಂಪನಿಯೂ ನಕಲು ಮಾಡುತ್ತದೆ, ಆದರೆ ತನ್ನ ಮುದ್ರೆ ಒತ್ತಿ ಮಾರುತ್ತದೆ!

ಈಗ ವಿಜಯಪುರ ಎಪಿಎಂಸಿಯಲ್ಲೂ ಮಣೂಕದ ಹರಾಜಿದೆ. ನಾವು ನಾಲ್ಕು ಮಂದಿ ಕೂಡಿ ಬಣ್ಣ, ಗಾತ್ರ ನೋಡಿ ಬೇರೆಬೇರೆ ಮಾಡಿ, ಪೆಟ್ಟಿಗೆ ಮೇಲೆ 'ಅಥಣಿ' ಅಂತ ದಪ್ಪಕ್ಷರದಲ್ಲಿ ಬರೆಸಿ ಒಯ್ದೆವು. ದಲಾಲರು ನಕ್ಕರು. ಎರಡನೇ ಸಲ ಹೋದಾಗ, 'ಅಥಣಿ ಪೆಟ್ಟಿಗಿ ಎಷ್ಟು ತಂದೀರಿ?' ಅಂತ ಅವರೇ ಕೇಳಿದರು.